ಅಮಾವಾಸ್ಯೆಯ ಫಂಕ್ಷನ್

"ತಾರೀಕು-ವಾರ ನೋಡೋ ಆ ಡೇಟ್ ಕ್ಲಾಸಿನ ಕೋಡು ದೊಡ್ಡ ಕಂಪನಿಯೋರು ಬರ್ದಿರದು. ಅದನ್ನ ಮುಟ್ಟಕ್ಕೆ ನೀನ್ಯಾರಮ್ಮ? ಈಗ್ಲೇ ಅಳ್ಸು!" ಕೊಳ್ಳೇಗಾಲದ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಮಾಲೀಕ ಮಹದೇವಪ್ರಸಾದ್ ಗುಡುಗಿದ.

ಕೋಡ್ ಬರೆದಿದ್ದ ನಾಗಮಣಿ ಡಿಲೀಟ್ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. "ಮುಟ್ಟಿಲ್ಲ ಸಾ. ಅವರು ಬರ್ದಿದ್ದು ಅಂಗೇ ಅದೆ. ಒರಗಿಂದ ಅಮಾಸೆ ಲೆಕ್ಕ ಹಾಕೋ ಒಂದು ಫಂಕ್ಷನ್ ಸೇರ್ಸಿವ್ನಿ, ಅಷ್ಟೆಯ. ಅವರ ಕ್ಲಾಸ್‌ಗೆ ಭಾನುವಾರ ಗೊತ್ತು, ಅಮಾಸೆ ಗೊತ್ತಿಲ್ಲ. ಓದ್ ತಿಂಗ್ಳು ಅಮಾಸೆ ಮಂಗಳವಾರ ಬಂತು. ಮಾದಪ್ಪನ ಬೆಟ್ಟದ ಲಾಡ್ಜಲ್ಲಿ ಐವತ್ತು ಜನಕ್ಕೆ ಅಡ್ಗೆ ಸಾಕು ಅಂತು ನಮ್ಮ ಆಪ್. ಅಮಾಸೆ ಪೂಜೆಗೆ ಬೆಟ್ಟಕ್ಕೆ ನಡ್ಕಂಡ್ ಬಂದ ನೂರಾರು ಜನ ಉಪಾಸ ಮನಿಕಂಡ್ರು!"

"ಎದುರು ಮಾತಾಡ್ಬೇಡ. ಅಳ್ಸು ಅಂದ್ರೆ ಅಳ್ಸು."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಲಾಡ್ಜಿನ ಮ್ಯಾನೇಜರ್ ಪುಟ್ಟಸಿದ್ದಯ್ಯನ ದನಿ ಇಡೀ ಆಫೀಸಿಗೆ ಕೇಳುವಷ್ಟು ಜೋರಾಗಿತ್ತು. "ಸಾ, ನಾಳೆ ಅಮಾಸೆ, ಬುಧವಾರ ಆದ್ರೂ ಎಂಟ್ನೂರು ಜನಕ್ಕೆ ಅಡ್ಗೆ ಅಂತ ತೋರಿಸ್ತಾ ಅದೆ ನಿಮ್ಮ ಆಪ್. ಈಗ ಸರಿಯಾಯ್ತು ನೋಡಿ! ಅದಕ್ಕೆ ಅಮಾಸೆ ಏಳ್ಕೊಟ್ಟೋರು ಯಾರು?"

ಮಹದೇವಪ್ರಸಾದ್ ಕುರ್ಚಿಗೆ ಒರಗಿ ನಕ್ಕ. "ಇನ್ಯಾರು? ನಾನೇ ಕುಂತು ಸೇರ್ಸ್ದೆ."

ನಾಗಮಣಿ ಬೆರಳು ತೆಗೆಯಲಿಲ್ಲ. ಅದನ್ನು ಡಿಲೀಟ್ ಗುಂಡಿಯ ಮೇಲೇ ಇಟ್ಟುಕೊಂಡು, ಫೋನಿಗೂ ಕೇಳುವಂತೆ ಅವಳು ಕೂಗಿದಳು: "ಸಾ, ಈಗ್ಲೇ ಅಳ್ಸು ಅಂದ್ರಲ್ಲ, ಅಳ್ಸ್ಬುಡ್ಲಾ?"