ಪಕ್ಕದ ಕುರ್ಚಿ

"ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು ಪ್ರಮೀಳಾ. ನಗಬಾರ್ದು," ಎಂದಳು ಬಿಂದುಶ್ರೀ.

ಬಿಸಿಯೂಟದ ಗಂಟೆ ಹೊಡೆದು ಸ್ಟಾಫ್ ರೂಮು ಖಾಲಿಯಾಗಿತ್ತು. ಗುಬ್ಬಿಯ ಆ ಹೈಸ್ಕೂಲಿನಲ್ಲಿ ಪ್ರಮೀಳಾಗೆ ಅದೇ ಕೊನೆಯ ದಿನ, ಕುಣಿಗಲ್ಲಿಗೆ ವರ್ಗವಾಗಿತ್ತು. ಬೀರುವಿನಲ್ಲಿದ್ದ ತನ್ನ ಪುಸ್ತಕಗಳನ್ನು ತೆಗೆದು ಚೀಲಕ್ಕೆ ತುಂಬುತ್ತಿದ್ದ ಅವಳು "ಕೇಳು" ಎಂದಳೇ ಹೊರತು ತಿರುಗಲಿಲ್ಲ. ನೋಡು, ಹೋಗುವಾಗಲೂ ಮುಖ ತೋರಿಸಲು ಇವಳಿಗೆ ಇಷ್ಟವಿಲ್ಲ ಎಂದಿತು ಬಿಂದುಶ್ರೀಯ ಮನಸ್ಸು. ಎದ್ದು ಹೋಗಿಬಿಡೋಣ ಅನ್ನಿಸಿತು.

ಹಾಗೆ ಅನ್ನಿಸುತ್ತದೆ ಎಂದು ತುಮಕೂರಿನ ಕೌನ್ಸೆಲರ್ ಅಕ್ಷತಾ ಮೊದಲೇ ಹೇಳಿದ್ದರು. ಕ್ಲಾಸಿಗೆ ಹೋಗಲೇ ಭಯವಾಗತೊಡಗಿದ ಮೇಲೆ, ನಿದ್ದೆ ಪೂರ್ತಿ ಕೆಟ್ಟ ಮೇಲೆ, ತಂಗಿಯ ಬಲವಂತಕ್ಕೆ ಬಿಂದುಶ್ರೀ ಅವರ ಹತ್ತಿರ ಹೋಗತೊಡಗಿದ್ದಳು. "ಪ್ರಮೀಳಾ ನಿಮ್ಮನ್ನ ಕೀಳಾಗಿ ನೋಡ್ತಾರೆ ಅಂತೀರಲ್ಲ, ಅವರೇ ಹೇಳಿದ್ರಾ?" ಎಂದು ಕೇಳಿದ್ದರು ಅಕ್ಷತಾ. "ಮುಖ ನೋಡಿದ್ರೆ ಗೊತ್ತಾಗಲ್ವಾ ಮೇಡಂ?" "ಗೊತ್ತಾಗಲ್ಲ. ಮುಖ ಅವರದು, ಅರ್ಥ ನಿಮ್ಮದು. ಒಂದ್ಸಲ ಬಾಯಿಬಿಟ್ಟು ಕೇಳಿ." ಆಮೇಲೆ ಇಬ್ಬರೂ ಕೂತು, ಪ್ರಮೀಳಾ ಏನೇನು ಹೇಳಬಹುದು ಎಂದು ಯೋಚಿಸಿದ್ದರು. ಹೌದು ಅನ್ನಬಹುದು, ನಗಬಹುದು, ರೇಗಬಹುದು. ಏನಂದರೂ ತಡೆದುಕೊಳ್ಳುವ ಧೈರ್ಯ ತಂದುಕೊಂಡೇ ಬಿಂದುಶ್ರೀ ಈ ದಿನ ಬಂದಿದ್ದಳು.

"ಹೋದ ವರ್ಷ ಜನವರಿ ಇಪ್ಪತ್ತಾರಕ್ಕೆ ಗ್ರೌಂಡಲ್ಲಿ ನಾನು ಭಾಷಣ ಮಾಡ್ತಾ ಮಾಡ್ತಾ ಮರೆತು ನಿಂತ್ಬಿಟ್ಟೆನಲ್ಲ," ಎಂದಳು ಒಂದೇ ಉಸಿರಿಗೆ. "ಮಕ್ಕಳೆಲ್ಲ ನಕ್ಕರು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿಸಿ ನನ್ನ ಕೆಳಗಿಳಿಸಿದ್ರು. ಮಾರನೇ ದಿನದಿಂದ ನೀನು ರಜೆ. ವಾಪಸ್ ಬಂದ್ಮೇಲೆ ಊಟಕ್ಕೂ ಬೇರೆ ಕಡೆ ಕೂತೆ. ನಂಜೊತೆ ಓಡಾಡೋಕೆ ನಾಚಿಕೆ ಆಗೋಯ್ತಾ ನಿಂಗೆ? ಈ ಟ್ರಾನ್ಸ್‌ಫರೂ ಅದಕ್ಕೇನಾ?"

ಪ್ರಮೀಳಾ ತಿರುಗಿದಳು. ಕೈಯಲ್ಲಿದ್ದ ಪುಸ್ತಕ ಕೈಯಲ್ಲೇ ಉಳಿಯಿತು.

"ಅವತ್ತು ನೀನು ಭಾಷಣ ಮಾಡಿದ್ಯಾ?"

ಬಿಂದುಶ್ರೀಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನ್ನಿಸಿತು. ಇಷ್ಟು ದಿನ ಊಟ ನಿದ್ದೆ ಕಿತ್ತುಕೊಂಡ ಗಳಿಗೆ ಅದು. ಇಡೀ ಗುಬ್ಬಿ ಪೇಟೆಯೇ ಅದನ್ನು ನೆನೆಸಿಕೊಂಡು ತನ್ನತ್ತ ನೋಡುತ್ತದೆ ಎಂದು ಅವಳು ಸಂತೆಗೆ ಹೋಗುವುದನ್ನೂ ಬಿಟ್ಟಿದ್ದಳು. "ತಮಾಷೆ ಮಾಡ್ಬೇಡ. ನೀನು ಮುಂದಿನ ಸಾಲಲ್ಲೇ ಕೂತಿದ್ದೆ. ಕೆಳಗಿಳಿದು ಬಂದು ನಿನ್ನ ಪಕ್ಕದಲ್ಲೇ ಕೂತ್ಕೊಂಡೆ."

"ಕೂತಿದ್ದು ನೆನಪಿದೆ," ಎಂದಳು ಪ್ರಮೀಳಾ. ಅವಳ ದನಿ ಇಳಿದಿತ್ತು. "ಮೈಕಲ್ಲಿ ಯಾರು ಏನಂದ್ರೋ ನಂಗೊಂದೂ ಕೇಳಿಸ್ಲಿಲ್ಲ ಕಣೇ. ಅವತ್ತು ಆ ಕುರ್ಚಿ ಮೇಲೇ ನನ್ನ ಮಗು ಹೋಯ್ತು."

ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

"ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತಿದ್ದು. ಮೂರು ತಿಂಗಳು ತುಂಬೋವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂದಿದ್ರು ನಮ್ಮತ್ತೆ. ಬಾವುಟ ಹಾರಿಸೋ ಹೊತ್ತಿಗೇ ಹೊಟ್ಟೆ ಕಿವುಚೋಕೆ ಶುರುವಾಯ್ತು. ಎಲ್ರೂ ಬಿಳೀ ಸೀರೆ ಉಟ್ಟಿದ್ವಲ್ಲ, ನಂಗೆ ಏಳೋಕೇ ಭಯ. ನೀನು ಬಂದು ಪಕ್ಕದಲ್ಲಿ ಕೂತೆ. ದೇವರೇ ಕಳಿಸ್ದ ಅಂದ್ಕೊಂಡು ನಿನ್ನ ಕೈ ಹಿಡ್ಕೊಂಡೆ. ನೀನು ಕೊಡವಿ ಎದ್ದು ಹೋದೆ."

ಆಗ ಬಿಂದುಶ್ರೀಗೆ ನೆನಪಾಯಿತು. ತಣ್ಣಗೆ ಬೆವೆತ ಒಂದು ಕೈ. ಮೂಳೆ ನೋಯುವಷ್ಟು ಬಿಗಿಯಾದ ಹಿಡಿತ. ಅದನ್ನು ಕನಿಕರ ಎಂದುಕೊಂಡಿದ್ದಳು ಅವಳು. ಎಲ್ಲರ ಮುಂದೆ ನನಗೆ ಅಯ್ಯೋ ಪಾಪ ಅನ್ನುತ್ತಿದ್ದಾಳೆ ಎಂದು ಮೈಯೆಲ್ಲ ಉರಿದು, ಕೈ ಕಿತ್ತುಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿದ್ದಳು. ಅಷ್ಟೊಂದು ಸಲ ಆ ದಿನವನ್ನು ಮನಸ್ಸಿನಲ್ಲಿ ತಿರುವಿ ಹಾಕಿದ್ದಳಲ್ಲ, ಒಂದು ಸಲವೂ ಆ ಕೈ ಯಾಕೆ ಹಾಗೆ ಹಿಡಿಯಿತು ಎಂದು ಕೇಳಿಕೊಂಡಿರಲಿಲ್ಲ.

"ನಂಗೊತ್ತಿರ್ಲಿಲ್ಲ ಪ್ರಮೀಳಾ. ನಿನ್ನಾಣೆಗೂ ಗೊತ್ತಿರ್ಲಿಲ್ಲ."

"ನಿಂಗೆ ಗೊತ್ತಾಯ್ತು ಅಂತ್ಲೇ ತಿಳ್ಕೊಂಡಿದ್ದೆ ನಾನು," ಎಂದಳು ಪ್ರಮೀಳಾ. "ಕಲೆ ಕಂಡು ಹೇಸ್ಕೊಂಡು ಎದ್ದು ಹೋದ್ಲು ಅಂತ. ಅದಕ್ಕೇ ದೂರ ಕೂತೆ. ಆ ಗ್ರೌಂಡ್ ನೋಡೋಕಾಗ್ದೆ ಟ್ರಾನ್ಸ್‌ಫರ್ ಕೇಳ್ದೆ. ಒಂದು ಮಾತು ನಿನ್ನ ಕೇಳ್ಬೇಕು ಅನ್ಸಿತ್ತು. ಏನಂತ ಕೇಳೋದು ಹೇಳು?"

ಅಕ್ಷತಾ ಜೊತೆ ಕೂತು ಯೋಚಿಸಿದ್ದ ಉತ್ತರಗಳಲ್ಲಿ ಇದು ಇರಲಿಲ್ಲ. ಕ್ಷಮಿಸು ಎನ್ನಲು ಬಿಂದುಶ್ರೀ ಬಾಯಿ ತೆರೆದಳು. ಆದರೆ ಆ ಮಾತೂ ಮತ್ತೆ ತನ್ನ ಸುತ್ತಲೇ ಸುತ್ತುತ್ತದೆ ಅನ್ನಿಸಿ ನುಂಗಿಕೊಂಡಳು. ಬೇರೆಯದೇ ಒಂದು ಪ್ರಶ್ನೆ ಬಾಯಿಗೆ ಬಂತು.

"ಅವತ್ತು ಮನೆಗೆ ಹೆಂಗೆ ಹೋದೆ?"

ಪ್ರಮೀಳಾಳ ಕಣ್ಣು ತುಂಬಿತು. ಇಷ್ಟು ದಿನದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಬಸ್ಸಲ್ಲಿ," ಎಂದಳು. "ಖಾಲಿ ಬಸ್ಸು. ಕಂಡಕ್ಟರು ಕೂತ್ಕೊಳಿ ಮೇಡಂ, ಕೂತ್ಕೊಳಿ ಅಂತಾನೇ ಇದ್ದ. ನಾನು ನಮ್ಮೂರು ಕ್ಯಾತ್ಸಂದ್ರದವರ್ಗೂ ನಿಂತ್ಕೊಂಡೇ ಹೋದೆ."