ಹತ್ತು ಬೈ ಆರರ ಫೈಲು

ಪರಪ್ಪ ಕಾಕಾನನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದ ರಿಕ್ಷಾ ನಾಗನೂರು ದಾಟಿದೆ ಎಂದು ಫೋನ್ ಬಂದಾಗ ಕಾಶಿನಾಥ ಇನ್ನೂ ಎರಡೇ ಫೈಲು ಅಳಿಸಿದ್ದ.

"ಕಾಕಾರು ಸೀದಾ ಅಂಗಡಿಗೇ ನಡಿ ಅನ್ನಾಕತ್ತಾರ. ಮನಿಗಿ ಆಮ್ಯಾಲಂತ," ಎಂದ ರಿಕ್ಷಾದ ಶಬ್ಬೀರ.

"ಸಾವಕಾಶ ಬಾರೋ ಮಾರಾಯಾ."

"ಪೇಶಂಟ್ ಅದಾರ, ಸಾವಕಾಶನ ಹೊಂಟೇನಿ."

ಮೂಡಲಗಿಯ ಆ ಫ್ಲೆಕ್ಸ್ ಅಂಗಡಿ ಕಾಕಾನದು. ತಂದೆ ಇಲ್ಲದ ಕಾಶಿನಾಥನನ್ನು ಎಂಟನೇ ವಯಸ್ಸಿನಿಂದ ಸಾಕಿ, ಮೌಸ್ ಹಿಡಿಯಲು ಕಲಿಸಿದವನೂ ಅವನೇ. ಕಳೆದ ಮಂಗಳವಾರ ಕಾಕಾ ಎದೆ ಹಿಡಿದುಕೊಂಡು ಕುಸಿದ. ಈ ರಾತ್ರಿ ದಾಟುವುದು ಕಷ್ಟ ಎಂದರು ಗೋಕಾಕದ ಡಾಕ್ಟರು. ಎಲ್ಲರೂ ಅತ್ತರು. ಕಾಶಿನಾಥನೂ ಅತ್ತ. ಆಮೇಲೆ ಬಟ್ಟೆ ತರುವ ನೆಪ ಹೇಳಿ ಮೂಡಲಗಿಗೆ ಬಂದು, ಇನ್ನೂ ಉಸಿರಾಡುತ್ತಿದ್ದ ಕಾಕಾನ ಶ್ರದ್ಧಾಂಜಲಿ ಬ್ಯಾನರ್ ಮಾಡಿಟ್ಟ.

ಯಾಕೆ ಎಂದರೆ ಏನು ಹೇಳುವುದು? ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬ್ಯಾನರ್ ಕೊಟ್ಟ ಅಂಗಡಿ, ಮಾಲೀಕನಿಗೇ ತಡವಾದರೆ ಜನ ಏನಂದಾರು ಎಂದುಕೊಂಡ. ಕರೆಂಟು ಹೋದರೆ ಎಂದುಕೊಂಡ. ಹತ್ತು ಬೈ ಆರು ಅಡಿ, ಕಪ್ಪು ಅಂಚು, ಗುಲಾಬಿ ಹಾರ, ಎರಡು ದೀಪ. ಕಾಕಾನ ಹುಟ್ಟುಹಬ್ಬದ ಬ್ಯಾನರಿನಿಂದಲೇ ಮುಖ ಕತ್ತರಿಸಿ ಹಾರದೊಳಗೆ ಕೂರಿಸಿದ. ಬುಧವಾರದ ತಾರೀಖನ್ನೂ ಹಾಕಿದ. ಕುರ್ಚಿ ಹಿಂದಕ್ಕೆ ಸರಿಸಿ ನೋಡಿ, ಚೆನ್ನಾಗಿ ಬಂದಿದೆ ಎಂದು ಖುಷಿಯನ್ನೂ ಪಟ್ಟ. ಛೀ! ಆ ಖುಷಿಯೇ ಈಗ ಅವನನ್ನು ತಿನ್ನುತ್ತಿತ್ತು.

ಬುಧವಾರ ಕಾಕಾ ಕಣ್ಣು ಬಿಟ್ಟು ಚಹಾ ಕೇಳಿದ.

ಮಾಡಿದ್ದನ್ನು ಅಳಿಸುವುದು ಮಾಡಿದಷ್ಟು ಸುಲಭವಲ್ಲ. ಡಿಸೈನಿನ ಫೈಲು ಒಂದು. ಪ್ರಿಂಟಿಗೆ ಹಾಕುವುದು ಇನ್ನೊಂದು. ಕೋರಲ್ ಸಾಫ್ಟ್‌ವೇರು ಹೇಳದೆ ಕೇಳದೆ ಮಾಡಿಟ್ಟ ಬ್ಯಾಕಪ್ ಬೇರೆ. ಪೆನ್‌ಡ್ರೈವಿನಲ್ಲಿ ಮತ್ತೊಂದು. ಕಾಶಿನಾಥ ಒಂದೊಂದನ್ನೇ ಹುಡುಕಿ ಅಳಿಸಿದ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಕಾಕಾನ ಕಣ್ಣಿಗೆ ಬಿದ್ದರೆ ಮುಗಿಯಿತು. ಸಾಕಿದ ಹುಡುಗನೇ ತನ್ನ ಸಾವಿಗೆ ಕಾದು ಕೂತಿದ್ದ ಎಂದುಕೊಳ್ಳದೆ ಇನ್ನೇನೆಂದುಕೊಂಡಾನು?

ಕಾಕಾನಿಗಾದರೋ ಅಳಿಸುವುದು ಎಂದರೇ ಆಗದು. "ಇರ್ಲಿ ಬಿಡೋ, ಅದೇನ ಕೂಳ ಕೇಳತೈತೇನ?" ಎನ್ನುತ್ತಿದ್ದ. ಎರಡು ವರ್ಷವಾಯಿತು, ಶ್ರದ್ಧಾಂಜಲಿ ಬ್ಯಾನರುಗಳನ್ನೆಲ್ಲ ಕಾಶಿನಾಥನ ತಲೆಗೇ ಕಟ್ಟಿದ್ದ. ಕೈ ನಡುಗುತ್ತದಂತೆ. ಹುಟ್ಟುಹಬ್ಬದ ಬ್ಯಾನರಿಗೆ ಮಾತ್ರ ಆ ಕೈ ನಡುಗಿದ್ದನ್ನು ಯಾರೂ ನೋಡಿರಲಿಲ್ಲ.

ರಿಕ್ಷಾ ಬಂದು ನಿಂತಿತು. ಕಾಕಾ ಶಬ್ಬೀರನ ಹೆಗಲು ಹಿಡಿದು ಒಳಗೆ ಬಂದ. ಹಿಂದೆಯೇ ಔಷಧದ ಚೀಲ ಹಿಡಿದು ದಾಕ್ಷಾಯಿಣಿ ಕಾಕಿ.

"ಹೇಳಿದ ಮಾತ ಎಲ್ಲಿ ಕೇಳ್ತಾರ?" ಕಾಕಿ ಶುರು ಹಚ್ಚಿಕೊಂಡಳು. "ಎರಡ ವರ್ಷದ ಹಿಂದ ನೀ ಯಮಕನಮರಡಿ ಹೈವೇದಾಗ ಬಿದ್ದು ಹನ್ನೊಂದ ದಿನಾ ಎಚ್ಚರಿಲ್ದ ಮಲಗಿದ್ದಾಗೂ ಹಿಂಗ. ಒಂದ ಮಧ್ಯಾಹ್ನ ನಿನ್ನ ಬಿಟ್ಟು ಅಂಗಡಿಗಿ ಓಡಿ ಬಂದಿದ್ರು. ಕೆಲಸದ ಹುಚ್ಚು!"

ಕಾಕಾ ಕೇಳಿಸದವನಂತೆ ಕುರ್ಚಿಯಲ್ಲಿ ಕುಳಿತ. "ಕಾಶಿ, ಆಸ್ಪತ್ರಿ ಕಾರ್ಡಿಗಿ ಫೋಟೋ ಬೇಕಂತ. ನನ್ನ ಫೋಲ್ಡರ್ ತಗಿ."

ಕಾಕಾನ ಹೆಸರಿನ ಫೋಲ್ಡರ್! ಅದೊಂದನ್ನು ಕಾಶಿನಾಥ ನೋಡಿಯೇ ಇರಲಿಲ್ಲ. ತೆರೆದ. ಆಧಾರ್ ಕಾರ್ಡು, ಲೈಟ್ ಬಿಲ್ಲು, ಬಸವಣ್ಣನ ಚಿತ್ರ. ಕೊನೆಯಲ್ಲಿ ಹೆಸರಿಲ್ಲದ ಒಂದು ಫೈಲು. ಅಳತೆ ಹತ್ತು ಬೈ ಆರು. ಉಗುರಿನಷ್ಟು ಚಿತ್ರದಲ್ಲಿ ಕಪ್ಪು ಅಂಚು, ಗುಲಾಬಿ ಹಾರ.

ಅವತ್ತಿನ ಗಡಿಬಿಡಿಯಲ್ಲಿ ಇಲ್ಲೂ ಒಂದು ಕಾಪಿ ಇಟ್ಟುಬಿಟ್ಟೆನೇ?

"ಕಾಕಾ, ತಪ್ಪಾತ್ರಿ," ಎಂದವನೇ ನೆಲಕ್ಕೆ ಕುಸಿದು ಅವನ ಕಾಲು ಹಿಡಿದುಕೊಂಡ. "ನೀವಿನ್ನಾ ಉಸಿರಾಡಾಕತ್ತಿದ್ರಿ. ನಾ ಇಲ್ಲಿ ಕುಂತು ನಿಮ್ಮ ಬ್ಯಾನರ್ ಮಾಡಿದೆ. ತಾರೀಖ ಸುದ್ದಾ ಹಾಕಿದೆ. ಬಡೀರಿ ನನ್ನ."

ಕಾಕಿ ಬಾಯಿಗೆ ಸೆರಗು ಹಿಡಿದಳು. ಕಾಕಾ ಬಡಿಯಲಿಲ್ಲ. ಪರದೆಯ ಕಡೆ ಬಾಗಿದ.

"ಎಲ್ಲಾ ಅಳಸಿದೇನ?"

"ಹೂಂರಿ. ಇದೊಂದ ಉಳದೈತಿ."

"ಇದು ನೀ ಮಾಡಿದ್ದಲ್ಲೋ, ಹುಚ್ಚಾ," ಎಂದ ಕಾಕಾ. ಮೌಸ್ ಹಿಡಿದ ಅವನ ಕೈ ನಡುಗುತ್ತಿತ್ತು. ಫೈಲಿನ ಮೇಲೆ ಎರಡು ಸಲ ಒತ್ತಿದ.

ಪರದೆಯ ತುಂಬ ಹರಡಿದ ಗುಲಾಬಿ ಹಾರದೊಳಗೆ ಎರಡು ವರ್ಷದ ಹಿಂದಿನ ಕಾಶಿನಾಥ ನಗುತ್ತಿದ್ದ. ತಾರೀಖಿನ ಜಾಗ ಮಾತ್ರ ಖಾಲಿ ಇತ್ತು.