ಕೇಸರವಿಲ್ಲದ ಲಿಲಿ

ದಂಡಾಧಿಕಾರಿ ಲುಬ್ಬರ್ಟ್ ಬಾಗಿಲು ತಟ್ಟಲಿಲ್ಲ. ನೇರ ಒಳಗೆ ಬಂದ. ಮಾಖ್ತೆಲ್ಡಳ ಕುಂಚದಿಂದ ಹಸಿರು ಹನಿಯೊಂದು ಮೇಜಿನ ಮೇಲೆ ಬಿತ್ತು.

ಅಂದು ಮಾತೆ ಮರಿಯಳ ಹಬ್ಬ. ಹಾರ್ಲೆಮ್ ಊರಿನಲ್ಲಿ ಪೋಪರ ಪಂಥದ ಪೂಜೆಗೆ ನಿಷೇಧವಿತ್ತು. ಪಟ, ಜಪಮಾಲೆಯಂಥ ಸಣ್ಣದು ಸಿಕ್ಕರೆ ದಂಡ; ಪೂಜೆಯೇ ಸಿಕ್ಕಿಬಿದ್ದರೆ ಮನೆ ಜಪ್ತಿ, ಗಡೀಪಾರು. ಮುದುಕಿ ಮಾಖ್ತೆಲ್ಡ್ ಆ ಪಂಥದವಳೆಂದು ಬೀದಿಗೆಲ್ಲ ಗೊತ್ತಿತ್ತು. ವೈದ್ಯರ ಗ್ರಂಥಗಳಿಗೆ ಗಿಡಗಳ ಚಿತ್ರ ಬರೆದು ಬದುಕುತ್ತಿದ್ದಳು. ಎಲೆಯ ಒಂದು ನರವೂ ತಪ್ಪದ ಕೈ ಅವಳದು.

ಪಕ್ಕದ ಮನೆಯ ಗ್ರೀಟ್ಯೆ, ಪೋಪರನ್ನು ಒಪ್ಪದ ಲುಬ್ಬರ್ಟನ ಪಂಥದವಳೇ. ಹೊರಗೆ ಕಂಬಳಿ ಬಡಿಯುತ್ತಿದ್ದಳು. ಸದ್ದು ಸಾಕೆಂದು ಅವನು ಕಿಟಕಿಯಿಂದ ಗದರಿದ.

"ಧೂಳು ನಿಮ್ಮಪ್ಪಣೆ ಕೇಳಿ ಕೂರುತ್ತಾ ಸ್ವಾಮಿ?" ಎಂದು ಅವಳು ಇನ್ನಷ್ಟು ಜೋರಾಗಿ ಬಡಿದಳು.

ಲುಬ್ಬರ್ಟ್ ಕಪಾಟು ತೆರೆದ. ಹಾಸಿಗೆ ಮಗುಚಿದ. ಅಟ್ಟದ ಮೆಟ್ಟಿಲ ಮೇಲೆ ಕಾಲಿಟ್ಟು, ಮೇಲೇನಿದೆ ಎಂದು ಕೇಳಿದ. ಒಣಹಾಕಿದ ಗಿಡಗಳೆಂದು ಮಾಖ್ತೆಲ್ಡ್ ತೊದಲಿದಳು. ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಸರ್ರನೆ ಬಾಚಿ ಎದೆಗೆ ಒತ್ತಿಕೊಂಡಳು.

ಅವನು ಮೆಟ್ಟಿಲಿಳಿದು ಬಂದು ಹಾಳೆಗಳನ್ನು ಕಿತ್ತುಕೊಂಡ. ಅವನಿಗೂ ಹೂದೋಟದ ಹುಚ್ಚು. ಟುಲಿಪ್ ನೋಡಿದ, ಐರಿಸ್ ನೋಡಿದ. ಬಿಳಿ ಲಿಲಿಯ ಮುಂದೆ ಅವನ ಬೆರಳು ನಿಂತಿತು.

"ಕೇಸರ ಎಲ್ಲಮ್ಮಾ?"

"ಮರೆತೆ."

"ನೀನು ಮರೆಯೋಳಾ? ನಮ್ಮಜ್ಜಿ ಹತ್ರ ಒಂದು ಹಳೇ ಪಟ ಇತ್ತು. ಕನ್ಯೆ ಮರಿಯಳ ಮುಂದಿರೋ ಲಿಲಿಗೆ ಕೇಸರ ಬರೆಯೋಲ್ಲ, ಅದು ಪವಿತ್ರ ಅಂತ."

ಲಿಲಿಯಷ್ಟೇ ಕಾಣುವಂತೆ ಮಡಿಚಿದ್ದ ಹಾಳೆಯನ್ನು ಬಿಚ್ಚಿದ. ಮಂಡಿಯೂರಿದ ಮರಿಯ, ಎದುರಿಗೆ ದೇವದೂತ. ಪೂಜೆಯ ಪೀಠಕ್ಕೆಂದೇ ಬರೆದದ್ದು.

"ಅಂತೂ ಸಿಕ್ಕಿಬಿದ್ದೆ, ಅಜ್ಜಿ."

ಮಾಖ್ತೆಲ್ಡ್ ಬಿಳಿಚಿಕೊಂಡು ಗೋಡೆಗೆ ಒರಗಿದಳು. ಅವಳ ಸ್ಥಿತಿ ನೋಡಿ ಲುಬ್ಬರ್ಟನೇ ಕುರ್ಚಿ ಎಳೆದು ಕೂರಿಸಿದ. ಹೂಜಿಯಿಂದ ನೀರು ಬಗ್ಗಿಸಿಕೊಟ್ಟ. ದಂಡ ಕಟ್ಟಿದರೆ ಸಾಕು, ಊರು ಬಿಡಬೇಕಿಲ್ಲ ಎಂದ. ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗೆದ್ದವನ ಹಾಗೆ ಹೊರಟುಹೋದ.

ಅವನು ಬೀದಿ ದಾಟಿದ ಮೇಲೆ ಗ್ರೀಟ್ಯೆ ಕಂಬಳಿ ಬಡಿಯುವುದನ್ನು ನಿಲ್ಲಿಸಿದಳು. ಮಾಖ್ತೆಲ್ಡ್ ಬಾಗಿಲಿಗೆ ಅಗಳಿ ಹಾಕಿ ಅಟ್ಟ ಹತ್ತಿದಳು. ಅಲ್ಲಿ ಉಸಿರು ಬಿಗಿಹಿಡಿದು ಮಂಡಿಯೂರಿದ್ದ ಅರ್ಧ ಬೀದಿಯ ಜನರ ನಡುವೆ ನಿಂತಿದ್ದ ಪಾದ್ರಿಗೆ ಮೆಲ್ಲಗೆ ಹೇಳಿದಳು: "ಬೇಕಂತಲೇ ಕೇಸರ ಬಿಟ್ಟಿದ್ದು ಅವನ ಕಣ್ಣಿಗೆ ಬಿತ್ತು, ಫಾದರ್. ಇವತ್ತಿಗೆ ಇನ್ನು ಬರೋಲ್ಲ, ಪೂಜೆ ಮುಂದುವರಿಸಿ."